ಮಾರಿಗೋಲ್ಡ್ ಹೋಟೆಲಿನ ಎರಡನೇ ಭಾಗವನ್ನು ನೋಡಬೇಕೇ?

ನಾನು ಸಿನಿಮಾದ ಬಗ್ಗೆ ಬರೆಯುತ್ತೇನೆಂದು ತಿಳಿದವರು, ಅದರಲ್ಲೂ ವಯಸ್ಸಾದ ತಂದೆತಾಯಿಯ ಜತೆ ಕೂತು ನೋಡುವಂಥ ಚಿತ್ರ ಹುಡುಕುತ್ತಿರುವವರು, ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ‘ದಿ ಬೆಸ್ಟ್ ಎಕ್ಸಾಟಿಕ್ ಮಾರಿಗೋಲ್ಡ್ ಹೋಟೆಲ್’ ಮನೆಯವರಿಗೆಲ್ಲ ಹಿಡಿಸಿತು, ಆದರೆ ಅದರ ಎರಡನೇ ಭಾಗ ಅಷ್ಟಕ್ಕಷ್ಟೇ ಎನ್ನುತ್ತಾರೆ, ನೋಡಬೇಕೇ ಬಿಡಬೇಕೇ? ನೋಡಬೇಕು ಎಂಬುದೇ ನನ್ನ ಉತ್ತರ. ಕಥೆಯ ಹೆಣಿಗೆಯಲ್ಲಿ ಅದು ಮೊದಲನೆಯದಕ್ಕಿಂತ ಸಡಿಲವಾಗಿದೆ ಎಂಬ ಮಾತನ್ನು ಒಪ್ಪಿಕೊಂಡೇ ಹೀಗೆ ಹೇಳುತ್ತಿದ್ದೇನೆ, ಏಕೆಂದರೆ ಮುಪ್ಪಿನ ಬಗ್ಗೆ ಮೊದಲ ಚಿತ್ರ ಪೂರ್ತಿ ಕೈಗೆತ್ತಿಕೊಳ್ಳದೆ ಬಿಟ್ಟ ಒಂದು ವಿಷಯವನ್ನು ಈ ಚಿತ್ರ ಹಿಡಿದು ಕೂತಿದೆ.

ನೋಡದವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 2012ರಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ ಮೊದಲ ಭಾಗದಲ್ಲಿ, ತಮ್ಮ ದೇಶದಲ್ಲಿ ನೆಮ್ಮದಿಯ ಮುಪ್ಪು ಕೈಗೆಟುಕದ, ಅಥವಾ ಬೇರಾವುದೋ ಹುಡುಕಾಟದಲ್ಲಿರುವ ಏಳು ಮಂದಿ ಇಂಗ್ಲಿಷರು ಜೈಪುರದ ಪಾಳುಬಿದ್ದ ಹೋಟೆಲೊಂದಕ್ಕೆ ಬಂದು ನೆಲೆಸುತ್ತಾರೆ. 2015ರ ಎರಡನೇ ಭಾಗದಲ್ಲಿ ಹೋಟೆಲು ತುಂಬಿದೆ. ಅದರ ಯುವ ಮಾಲೀಕ ಸೋನಿ (ದೇವ್ ಪಟೇಲ್) ಇನ್ನೊಂದು ಹೋಟೆಲು ತೆರೆಯಲು ಅಮೆರಿಕದ ಕಂಪನಿಯ ಹಣ ಬೇಡುತ್ತಾನೆ, ಜತೆಗೆ ಅವನ ಮದುವೆಯೂ ನಡೆಯಬೇಕಾಗಿದೆ. ಎರಡನ್ನೂ ನಿರ್ದೇಶಿಸಿದವರು ಜಾನ್ ಮ್ಯಾಡನ್, ಬರೆದವರು ಓಲ್ ಪಾರ್ಕರ್. ತಲಾ ಸುಮಾರು ಒಂದು ಕೋಟಿ ಡಾಲರ್‌ನಲ್ಲಿ ತಯಾರಾದ ಈ ಚಿತ್ರಗಳಲ್ಲಿ ಮೊದಲನೆಯದು ಹದಿಮೂರು ಕೋಟಿ ಡಾಲರ್ ದಾಟಿದರೆ ಎರಡನೆಯದು ಎಂಟು ಕೋಟಿ ದಾಟಿತು. ಗಳಿಕೆ ಇಳಿಯಿತೆಂಬುದು ನಿಜವಾದರೂ ಜನ ತಿರಸ್ಕರಿಸಿದ ಚಿತ್ರ ಇದಲ್ಲ.

ಪ್ರೇಕ್ಷಕರ ಆಕ್ಷೇಪಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇವೆ. ಕಂಪನಿಯವರು ಗುರುತು ಹೇಳದೆ ಒಬ್ಬ ತಪಾಸಕರನ್ನು ಕಳಿಸುತ್ತೇವೆ ಎಂದಿರುತ್ತಾರೆ. ಕಾದಂಬರಿ ಬರೆಯಲು ಬಂದೆನೆನ್ನುವ ಗೈ ಚೇಂಬರ್ಸ್ (ರಿಚರ್ಡ್ ಗೇರ್) ಆ ತಪಾಸಕನೇ ಇರಬೇಕೆಂದು ಸೋನಿ ಅವನ ಹಿಂದೆ ಬೀಳುತ್ತಾನೆ. ಒಬ್ಬರನ್ನು ಇನ್ನೊಬ್ಬರೆಂದು ತಿಳಿದು ಪೇಚಿಗೆ ಬೀಳುವ ಈ ತಂತ್ರ ನಾಟಕ ಕಂಪನಿಗಳ ಕಾಲದಿಂದ ಸವೆದದ್ದು, ಇಲ್ಲಿ ಅದನ್ನು ಅಗತ್ಯಕ್ಕಿಂತ ಹೆಚ್ಚು ಎಳೆದಿದ್ದಾರೆ. ಹೋಟೆಲಿನ ನಿವಾಸಿಗಳಲ್ಲೊಬ್ಬನಾದ ನಾರ್ಮನ್ ತನ್ನ ಸಂಗಾತಿಯನ್ನು ಕೊಲ್ಲಲು ತಾನೇ ಆಟೋದವನಿಗೆ ಗೊತ್ತಿಲ್ಲದೆ ಹೇಳಿಬಿಟ್ಟೆನೇನೋ ಎಂದು ಗಾಬರಿಗೊಳ್ಳುವ ಎಳೆಯಂತೂ ಪೂರ್ತಿ ಕಿತ್ತುಹಾಕಬಹುದಾಗಿತ್ತು. ನಿಶ್ಚಿತಾರ್ಥದಿಂದ ಮದುವೆಯವರೆಗಿನ ಹಾಡು ಕುಣಿತಗಳು ನಮಗೆ ಹೊಸವಲ್ಲ.

ಇಷ್ಟಾದರೂ ಈ ಚಿತ್ರವನ್ನು ನಾನು ಬಿಟ್ಟುಕೊಡದಿರುವುದಕ್ಕೆ ಕಾರಣವೊಂದೇ: ಇಲ್ಲಿ ಮುದುಕರೆಲ್ಲ ಕೆಲಸ ಮಾಡುತ್ತಾರೆ. ಮುಪ್ಪು ಎಂದರೆ ವಿಶ್ರಾಂತಿ, ಇಲ್ಲವೇ ಕಾಯಿಲೆ, ಇಲ್ಲವೇ ಮೊಮ್ಮಕ್ಕಳು ಎಂದು ಮೂರೇ ಮನೆಗಳಲ್ಲಿ ನಿಲ್ಲಿಸುವ ಚಿತ್ರಗಳ ನಡುವೆ ಇದು ಅಪರೂಪ. ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆಂದು ಗೊಣಗುತ್ತ, ಭಾರತೀಯರನ್ನು ಬೈಯುತ್ತ ಬಂದಿದ್ದ ಮ್ಯೂರಿಯಲ್ (ಮ್ಯಾಗಿ ಸ್ಮಿತ್) ಈಗ ಹೋಟೆಲಿನ ಆಡಳಿತ ನೋಡಿಕೊಳ್ಳುತ್ತಾಳೆ. ಅಮೆರಿಕದಲ್ಲಿ ಹಣ ಕೇಳಲು ಹೋದಾಗ ಆಕೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಚಹಾ ಕೊಡುತ್ತಾರೆ. ಚಹಾ ಒಣಗಿಸಿದ ಎಲೆ, ಅದಕ್ಕೆ ಜೀವ ಬರಬೇಕಾದರೆ ನೀರು ಕುದಿಯಲೇಬೇಕು ಎಂದು ಆಕೆ ಪಾಠ ಮಾಡುವ ರೀತಿಯನ್ನು ಗಮನಿಸಿ. ಜೀವಮಾನವಿಡೀ ಇನ್ನೊಬ್ಬರ ಮನೆಯನ್ನು ನಡೆಸಿದ ಹೆಂಗಸು ಆಕೆ. ಆ ಬದುಕು ಕಲಿಸಿದ ಅಚ್ಚುಕಟ್ಟುತನವೇ ಈಗ ದೊಡ್ಡ ಕಂಪನಿಯವರ ಎದುರು ಆಕೆಯ ಬಂಡವಾಳವಾಗಿದೆ. ಸ್ಮಿತ್ ಆ ಮಾತುಗಳನ್ನು ದನಿ ಏರಿಸದೆ, ಇದೊಂದು ನಿತ್ಯದ ಸಂಗತಿಯೆಂಬಂತೆ ಆಡುತ್ತಾರೆ, ನಗು ಅಲ್ಲಿಂದಲೇ ಹುಟ್ಟುತ್ತದೆ.

ಎವೆಲಿನ್ (ಜೂಡಿ ಡೆಂಚ್) ಎಂಬತ್ತರ ಹೊಸ್ತಿಲಲ್ಲಿ ಬಟ್ಟೆ ಖರೀದಿಯ ಕೆಲಸಕ್ಕೆ ಸೇರುತ್ತಾಳೆ. ಡಗ್ಲಸ್ (ಬಿಲ್ ನೈ) ಪ್ರವಾಸಿಗರಿಗೆ ಮಾರ್ಗದರ್ಶಕನಾಗಿ ನಿಂತಿದ್ದಾನೆ, ಆದರೆ ನೆನಪು ಕೈಕೊಡುವುದರಿಂದ ಕಿವಿಯೊಳಗಿನ ಯಂತ್ರದ ಮೂಲಕ ಹುಡುಗನೊಬ್ಬ ಹೇಳಿಕೊಡುವ ಇತಿಹಾಸವನ್ನು ಹಾಗೆಯೇ ಒಪ್ಪಿಸುತ್ತಾನೆ. ಸೋನಿ ದಿನಾ ಬೆಳಿಗ್ಗೆ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುತ್ತಾನೆ, ರಾತ್ರಿ ಯಾರಾದರೂ ತೀರಿಕೊಂಡರೋ ಎಂದು ತಿಳಿಯುವುದೇ ಅದರ ಉದ್ದೇಶ. ಚಿತ್ರಮಂದಿರದಲ್ಲಿ ಇದಕ್ಕೆ ಎಲ್ಲರೂ ನಗುತ್ತಾರೆ, ಆದರೆ ಹಾಗೆ ಹೆಸರು ಕೂಗಿಸಿಕೊಂಡವರು ಮರುಗಳಿಗೆಯೇ ಕೆಲಸಕ್ಕೆ ಹೊರಡುವುದರಲ್ಲಿ ಚಿತ್ರದ ಸತ್ವವಿದೆ. 1934ರ ಡಿಸೆಂಬರಿನಲ್ಲಿ ಹತ್ತೊಂಬತ್ತು ದಿನಗಳ ಅಂತರದಲ್ಲಿ ಹುಟ್ಟಿದ ಡೆಂಚ್ ಮತ್ತು ಸ್ಮಿತ್ ಈ ಚಿತ್ರ ಬಿಡುಗಡೆಯಾದಾಗ ಎಂಬತ್ತು ದಾಟಿದ್ದರು. ತೆರೆಯ ಮೇಲಿನ ದುಡಿಮೆ ಅವರ ಮಟ್ಟಿಗೆ ನಟನೆಯಷ್ಟೇ ಆಗಿರಲಿಲ್ಲ.

ಭಾರತೀಯ ಪ್ರೇಕ್ಷಕರ ದೂರು ಬೇರೆ, ಅದು ಹೆಚ್ಚು ತೂಕದ್ದು. ಈ ದೇಶ ಇಲ್ಲಿ ಬಣ್ಣ, ಗದ್ದಲ, ಮದುವೆ ಮನೆ ಎಂಬಲ್ಲಿಗೆ ಮುಗಿಯುತ್ತದೆ. ಇಲ್ಲಿಯವರು ಬಂದವರ ಬಾಳನ್ನು ಹಸನು ಮಾಡಲೆಂದೇ ಇದ್ದಾರೆಂಬಂತೆ ತೋರುತ್ತದೆ. ಸೋನಿಯ ತಾಯಿಯಾಗಿ ಲಿಲೆಟ್ ದುಬೆ ಘನತೆಯಿಂದ ನಟಿಸಿದ್ದರೂ ಆ ಪಾತ್ರಕ್ಕೆ ಚಿತ್ರ ಕೊಟ್ಟಿರುವುದು ಒಂದು ಪ್ರಣಯವನ್ನು ಮಾತ್ರ, ಹೋಟೆಲಿನ ಇಂಗ್ಲಿಷ್ ವಿಧವೆ ಎವೆಲಿನ್‌ಗೆ ಸಿಕ್ಕಿದಂಥ ಕೆಲಸ, ಹಂಬಲ ಯಾವುದೂ ಆಕೆಗಿಲ್ಲ. ಈ ಸರಣಿಯ ಮೂಲವಾದ ಡೆಬೊರಾ ಮೊಗ್ಗಾಚ್ ಅವರ 2004ರ ಕಾದಂಬರಿ ನಡೆಯುವುದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಕನ್ನಡಿಗರು ಗಮನಿಸಬೇಕು. ದಂಡು ಪ್ರದೇಶದ ಬಂಗಲೆಗಳಲ್ಲಿ ಬ್ರಿಟಿಷರು ನಿವೃತ್ತ ಜೀವನ ಕಳೆದಿದ್ದ, ಪಿಂಚಣಿದಾರರ ಸ್ವರ್ಗವೆಂದೇ ಹೆಸರಾಗಿದ್ದ ಊರದು. ಸಿನಿಮಾ ಅದನ್ನು ಜೈಪುರಕ್ಕೆ ಒಯ್ದಿತು. ಹೋಟೆಲೆಂದು ತೋರಿಸಿದ ಕಟ್ಟಡವಂತೂ ಉದಯಪುರದ ಸಮೀಪದ ಖೇಮ್‌ಪುರದ್ದು. ಅರಮನೆಯ ಕಮಾನುಗಳು ಕಣ್ಣಿಗೆ ಹಬ್ಬವೇ ಸರಿ, ಆದರೆ ಇಂಗ್ಲಿಷ್ ಮುದುಕರು ಭಾರತದ ಈ ಊರಿಗೇ ಏಕೆ ಬಂದರು ಎಂಬುದಕ್ಕೆ ಬೆಂಗಳೂರಿನ ಬಳಿ ಇದ್ದ ಚಾರಿತ್ರಿಕ ಕಾರಣ ಜೈಪುರದ ಬಳಿ ಇಲ್ಲ.

ಚಿತ್ರ ನೋಡಿದವರು ಮುಂದಿನ ಪ್ರಶ್ನೆ ಕೇಳುತ್ತಾರೆ: ಹೀಗೆ ಬಂದು ಇರುವುದು ನಿಜಕ್ಕೂ ಸಾಧ್ಯವೇ? ಇದ್ದಾರೆ, ಆದರೆ ಸುಲಭವಲ್ಲ. ನಿವೃತ್ತರಿಗೆಂದೇ ಭಾರತ ಕೊಡುವ ಪ್ರತ್ಯೇಕ ವೀಸಾ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಬ್ರಿಟನ್ ತನ್ನ ಸರ್ಕಾರಿ ಪಿಂಚಣಿಯನ್ನು ಸ್ವದೇಶದಲ್ಲಿರುವವರಿಗೆ, ಅಮೆರಿಕ ಅಥವಾ ಯುರೋಪಿನ ದೇಶಗಳಲ್ಲಿ ನೆಲೆಸಿದವರಿಗೆ ವರ್ಷ ವರ್ಷ ಏರಿಸುತ್ತದೆ. ಭಾರತದಲ್ಲಿ ನೆಲೆಸಿದವರಿಗೆ ಮೊದಲು ಸಿಕ್ಕ ಮೊತ್ತವೇ ಕೊನೆತನಕ. ಕೆನಡಾ, ಆಸ್ಟ್ರೇಲಿಯಾಗಳೂ ಇದೇ ಪಟ್ಟಿಯಲ್ಲಿವೆ, ಹೀಗೆ ಪಿಂಚಣಿಯ ಏರಿಕೆ ನಿಂತುಹೋದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಜೈಪುರದಲ್ಲಿ ದಿನಸಿಯ, ಔಷಧಿಯ ಬೆಲೆ ಏರುತ್ತ ಹೋಗುವಾಗ ಹತ್ತು ವರ್ಷದ ಹಿಂದಿನ ಪೌಂಡುಗಳಲ್ಲಿ ಬದುಕು ಸಾಗಿಸುವುದೆಂದರೆ ಏನೆಂದು ಪಿಂಚಣಿಯ ಮೇಲೆ ಮನೆ ನಡೆಸಿದ ಯಾರಿಗೂ ವಿವರಿಸಬೇಕಾಗಿಲ್ಲ. ಎವೆಲಿನ್ ಆ ವಯಸ್ಸಿನಲ್ಲಿ ಸಂಬಳದ ಕೆಲಸ ಹಿಡಿಯುವುದನ್ನು ಚಿತ್ರ ಹೊಸ ಬದುಕಿನ ಹಂಬಲವೆಂದು ತೋರಿಸುತ್ತದೆ, ಅದು ಸುಳ್ಳಲ್ಲ. ಆದರೆ ಆ ಸಂಬಳ ತನ್ನ ಖರ್ಚಿಗೂ ಬೇಕಾಗಿದೆ ಎಂಬ ಒಂದು ಮಾತನ್ನು ಪಾರ್ಕರ್ ಆಕೆಯ ಬಾಯಲ್ಲಿ ಆಡಿಸಿದ್ದರೆ ಪಾತ್ರ ಇನ್ನಷ್ಟು ಗಟ್ಟಿಯಾಗುತ್ತಿತ್ತು, ಡೆಂಚ್ ಅವರಂಥ ನಟಿಗೆ ಆ ಮಾತನ್ನು ದೈನ್ಯವಿಲ್ಲದೆ ಆಡುವುದು ಕಷ್ಟವೂ ಆಗುತ್ತಿರಲಿಲ್ಲ.