ಚಕ್ಕೋತದ ಮೇಲೆ 14,000 ಕಿಲೋಮೀಟರ್

ಬರುವ ಜನವರಿಯಲ್ಲಿ ಅಮ್ಮ ಒಬ್ಬಳೇ ಸ್ಯಾನ್ ಫ್ರಾನ್ಸಿಸ್ಕೋಗೆ, ನನ್ನ ತಂಗಿಯ ಮನೆಗೆ ಹೊರಟಿದ್ದಾಳೆ. ತೀರ್ಥಹಳ್ಳಿ ಬಿಟ್ಟು ಬೆಂಗಳೂರಿನಿಂದ ಆಚೆ ಹೋದವಳಲ್ಲ. "ಎಷ್ಟು ದೂರ ಮಾರಾಯಾ, ಸರಿಯಾಗಿ ಹೇಳು" ಅಂತ ವಾರದಿಂದ ಕೇಳ್ತಾ ಇದ್ದಾಳೆ. ಬೆಂಗಳೂರಿನಿಂದ ಸುಮಾರು 14,000 ಕಿ.ಮೀ. ಅಂದೆ. ಸುಮ್ನೆ ತಲೆಯಾಡಿಸಿದಳು. ಶಿವಮೊಗ್ಗದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹತ್ತಿರ ಹತ್ತಿರ 300 ಕಿ.ಮೀ., ಅಂಥ ದಾರಿ ನಲವತ್ತಾರು ಸಲ ಅಂದಾಗ ಮಾತ್ರ ಅಡಿಕೆ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

ಮಗಳ ಶಾಲೆಯ ನಕ್ಷೆಯಲ್ಲಿ ಅಮೆರಿಕ ಎಡಗಡೆ ತುದಿಗಿದೆ. "ಹಾಗಾದ್ರೆ ಆಫ್ರಿಕಾ ದಾಟಿ ಹೀಗೇ ಅಡ್ಡಕ್ಕೆ ಹೋಗೋದಾ?" ಅಂದಳು ಅಮ್ಮ. ಹಿತ್ತಲಿನಿಂದ ಒಂದು ಚಕ್ಕೋತ ಕಿತ್ತು ತಂದೆ. ತೊಟ್ಟು ಉತ್ತರ ಧ್ರುವ. ಎರಡು ಊರಿಗೂ ಗುಂಡುಸೂಜಿ ಚುಚ್ಚಿ, ಹೂ ಕಟ್ಟುವ ದಾರವನ್ನು ಬಿಗಿಯಾಗಿ ಎಳೆದೆ. ದಾರ ಅಡ್ಡಕ್ಕೆ ಹೋಗಲೇ ಇಲ್ಲ, ಸೀದಾ ಮೇಲೆ ಹತ್ತಿ ತೊಟ್ಟಿನ ಹತ್ತಿರವೇ ಹಾದು ಆಚೆ ಇಳಿಯಿತು. ಹಿಮಾಲಯ, ಸೈಬೀರಿಯಾ, ಅಲಾಸ್ಕಾ ಕಡೆಯ ದಾರಿ ಅದು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ, ಧ್ರುವದ ಮೇಲಿಂದ, ಸುಮಾರು 17 ಗಂಟೆ ಹಾರಿಸಿಕೊಂಡು ಬಂದಿದ್ದರು. ಇದನ್ನು ಕೇಳಿ ಅಮ್ಮನಿಗೆ ಬಂದ ಧೈರ್ಯ ನನ್ನ ಯಾವ ಮಾತಿನಿಂದಲೂ ಬಂದಿರಲಿಲ್ಲ.

ಅವಳ ಟಿಕೆಟ್ ದುಬೈ ಮೇಲೆ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಮುಂದೆ 13,000. ದೂರ ಜಾಸ್ತಿಯಾಗಿದ್ದು 1,700 ಕಿ.ಮೀ. ಅಷ್ಟೇ. ಹೊತ್ತು ತಿನ್ನೋದು ಕಾಯೋದು. ನಾಲ್ಕು ಗಂಟೆ ಹಾರಾಟ, ದುಬೈನಲ್ಲಿ ನಾಲ್ಕು ಗಂಟೆ, ಆಮೇಲೆ ಹದಿನಾರು. ತೀರ್ಥಹಳ್ಳಿಯಿಂದ ಕಾರಲ್ಲಿ ಬೆಂಗಳೂರಿಗೆ ಹೋಗಿ, ಮೂರು ಗಂಟೆ ಮೊದಲೇ ನಿಲ್ದಾಣ ಸೇರಿ, ಆ ಕಡೆ ಇಮಿಗ್ರೇಷನ್ ಸಾಲು ಮುಗಿಸಿ ತಂಗಿಯ ಮನೆ ಮುಟ್ಟುವಷ್ಟರಲ್ಲಿ ಒಂದೂವರೆ ದಿನ. ಹಿರಿಯರಿಗೆ ದಯವಿಟ್ಟು ಈ ಲೆಕ್ಕವನ್ನೇ ಹೇಳಿ.

ಯಾಕಂದ್ರೆ ಟಿಕೆಟ್ ನೋಡಿದರೆ ಮೋಸ ಹೋಗ್ತೀವಿ. ಸೋಮವಾರ ಬೆಳಗಿನ ಜಾವ 4ಕ್ಕೆ ಹೊರಡೋದು, ಸೋಮವಾರವೇ ಮಧ್ಯಾಹ್ನ 2:30ಕ್ಕೆ ಇಳಿಯೋದು ಅಂತಿದೆ. ಹತ್ತೂವರೆ ಗಂಟೆ ಅನ್ನಿಸುತ್ತೆ ಅಲ್ವಾ? ಇಳಿಯುವ ಸಮಯ ಅಲ್ಲಿಯ ಗಡಿಯಾರದ್ದು, ಚಳಿಗಾಲದಲ್ಲಿ ಅದು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನಿಜಕ್ಕೂ ಕಳೆಯೋದು ಪೂರ್ತಿ 24 ಗಂಟೆ. ಅಮ್ಮ ಟಿಕೆಟ್ ನಂಬಿ ಕೈಚೀಲದಲ್ಲಿ ಒಂದೇ ಹೊತ್ತಿನ ಬಿಪಿ ಮಾತ್ರೆ ಇಟ್ಟುಕೊಂಡಿದ್ದಳು! ನೋಡಿ ನನಗೆ ಎದೆ ಝಲ್ಲೆಂದಿತು.

ಅಲ್ಲಿ ಮುಟ್ಟುವ ತನಕ ನಮ್ಮೂರಿನ ಹೊತ್ತಿಗೇ ಮಾತ್ರೆ ತಗೊಳ್ಳಲಿ ಅಂದರು ಡಾಕ್ಟರು. ಈಗ ಮಾತ್ರೆಗಳೆಲ್ಲ ಕೈಚೀಲಕ್ಕೆ ಬಂದಿವೆ, ಚೀಟಿ ಸಮೇತ. ಫೋನ್ ತಾನಾಗೇ ಸಮಯ ಬದಲಿಸಿಕೊಳ್ಳುತ್ತೆ ಅಂತ ಅಪ್ಪನ ಹಳೇ ಎಚ್‌ಎಂಟಿ ವಾಚಿಗೆ ಹೊಸ ಪಟ್ಟಿ ಹಾಕಿಸಿ ಅಮ್ಮನ ಕೈಗೆ ಕಟ್ಟಿದ್ದೇನೆ. ದಿನಾ ಬೆಳಗ್ಗೆ ಮರೆಯದೆ ಕೀ ಕೊಡ್ತಿದ್ದಾಳೆ.