ದೇವರಿಗೆ ಏಕವಚನ

14 ಅಕ್ಟೋಬರ್ 2023, ಶನಿವಾರ, ರಾತ್ರಿ

ಬೆಳಗ್ಗೆ ಕಪಾಟಿನ ಬೀಗದ ಕೈ ಸಿಗಲಿಲ್ಲ. ಹುಡುಕಿ ಹುಡುಕಿ ಸಾಕಾಗಿ, "ಎಲ್ಲಿಟ್ಟಿದ್ದೀಯೋ ಮಾರಾಯ, ಕೊಟ್ಟುಬಿಡು" ಅಂದೆ. ಅಂದದ್ದು ದೇವರಿಗೆ. ಮಗಳು ನಕ್ಕಳು. "ಅಮ್ಮಾ, ಆಫೀಸಿಗೆ ಹೊಸದಾಗಿ ಸೇರಿದ ಹುಡುಗನಿಗೂ ನೀವು ಅಂತೀಯ. ದೇವರಿಗೆ ಮಾತ್ರ ನೀನು?"

ದಿನವಿಡೀ ಅದೇ ಯೋಚನೆ. ನಿಜ ಅಲ್ವಾ? ‘ದೇವರು’ ಅನ್ನುವಾಗ ಮರ್ಯಾದೆ ಇದೆ. ಕ್ರಿಯಾಪದ ಬರುವಷ್ಟರಲ್ಲಿ ಅದು ಹೋಗಿರುತ್ತದೆ. ದೇವರು ಇದ್ದಾನೆ. ದೇವರು ಕಣ್ಣುಬಿಟ್ಟ. ದಾಸರಂತೂ ಬೈದೇ ಹಾಡಿದ್ದಾರೆ, ಅದಕ್ಕೆ ನಿಂದಾಸ್ತುತಿ ಅಂತ ಹೆಸರೇ ಇದೆ.

ಚಿಕ್ಕಂದಿನಲ್ಲಿ ನನಗೆ ಈ ಸಲುಗೆ ಇರಲಿಲ್ಲ. ಆಗಿನ ದೇವರ ಹತ್ತಿರ ಒಂದು ದಪ್ಪ ಪುಸ್ತಕ, ಕೈಯಲ್ಲಿ ಕೆಂಪು ಪೆನ್ನು. ಮುಖ ಥೇಟ್ ನಮ್ಮ ಲೆಕ್ಕದ ಮೇಷ್ಟ್ರದ್ದು. ಕುದುರೆಗೆ ಕೈ ಇದ್ದಿದ್ದರೆ ದೇವರನ್ನು ಕುದುರೆಯ ಹಾಗೇ ಬರೆಯುತ್ತಿತ್ತು ಎಂದು ಗ್ರೀಕರ ತತ್ವಜ್ಞಾನಿ ಕ್ಸೆನೊಫನಿಸ್ ಸುಮಾರು 2500 ವರ್ಷಗಳ ಹಿಂದೆಯೇ ಹೇಳಿದ್ದ. ನಾನು ಲೆಕ್ಕದಲ್ಲಿ ಹಿಂದಿದ್ದ ಹುಡುಗಿ, ಇನ್ನೇನು ಬರೆದೇನು!

12ನೇ ಶತಮಾನದ ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನೇ ಗಂಡ. ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ 1373ರಲ್ಲಿ ಸಾಯುವಷ್ಟು ಕಾಯಿಲೆ ಬಿದ್ದಾಗ ದರ್ಶನಗಳನ್ನು ಕಂಡವಳು. ದೇವರು ತಂದೆ ಇರುವ ಹಾಗೇ ತಾಯಿಯೂ ಹೌದು ಅಂತ ಬರೆದಳು. ನನಗೆ ಎರಡೂ ಒಗ್ಗುವುದಿಲ್ಲ. ಗಂಡ ಒಬ್ಬನೇ ಸಾಕು. ತಾಯಿ ಅಂದರೆ ನನ್ನ ಅಮ್ಮನೇ ಕಣ್ಣಮುಂದೆ ಬರುತ್ತಾಳೆ.

ಅಮ್ಮ ಹೋದ ಮೇಲೆ ಎರಡು ವರ್ಷ ದೇವರ ಜೊತೆ ಮಾತು ಬಿಟ್ಟಿದ್ದೆ. ನಂಬಿಕೆ ಹೋಗಿತ್ತು ಅಂತ ಎಲ್ಲರ ಹತ್ತಿರ ಹೇಳಿಕೊಂಡೆ. ಸುಳ್ಳು. ಅದು ಮುನಿಸು. ಯಾವುದಾದರೂ ಸುದ್ದಿ ಕೇಳಿ ಬಾಯಿ ತೆರೆಯುತ್ತಿದ್ದೆ, ಆಮೇಲೆ ನೆನಪಾಗಿ ಮುಚ್ಚುತ್ತಿದ್ದೆ.

ಮತ್ತೆ ಮಾತು ಶುರುವಾದದ್ದು ಯಾವತ್ತು ಅಂತ ಗೊತ್ತಿಲ್ಲ. ಅಷ್ಟರಲ್ಲಿ ಮೇಷ್ಟ್ರ ಮುಖ ಅಳಿಸಿಹೋಗಿತ್ತು. ಬೇರೆ ಮುಖ ಬರಲಿಲ್ಲ. ಈಗ ಅವನು ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತವನ ಹಾಗೆ. ತಿರುಗಿ ನೋಡುವ ಹಾಗಿಲ್ಲ. ನಾನು ರಸ್ತೆ ನೋಡುತ್ತಾ ಒದರುತ್ತಿರುತ್ತೇನೆ. ಅವನೇನಾದರೂ ಹೇಳಿದರೂ ಗಾಳಿಗೆ ಅರ್ಧ ಕೇಳಿಸುವುದಿಲ್ಲ. ಹಿಂದೆ ಭಾರ ಇದೆ ಅಂತ ಮಾತ್ರ ತಿರುವಿನಲ್ಲಿ ಗೊತ್ತಾಗುತ್ತದೆ. ಕೆಲವು ದಿನ ಅದೂ ಇಲ್ಲ.

ಇದನ್ನು ಮಗಳಿಗೆ ಹೇಳಿದೆ. "ಹೆಲ್ಮೆಟ್ ಹಾಕಿದ್ದಾನಾ?" ಅಂದಳು.

ಬೀಗದ ಕೈ ಸಂಜೆ ನನ್ನ ಬ್ಯಾಗಿನಲ್ಲೇ ಸಿಕ್ಕಿತು. ಹಾಕಿಕೊಂಡಿದ್ದು ನಾನೇ. ಸಾರಿ ಕೇಳಬೇಕಿತ್ತು, ಇನ್ನೂ ಕೇಳಿಲ್ಲ.