ಕೆಂದೂಳಿನ ಊರಲ್ಲಿ ಹಳೇ ಲೆನ್ಸ್: ಕಾಂಟ್ಯಾಕ್ಟ್ ಒರೆಸುವ ಮುಂಚೆ

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೈಗೆ ಬಂದ ಕೂಡಲೇ ಎಲ್ಲರೂ ಬೆಳಕಿಗೆ ಹಿಡಿದು ಫಂಗಸ್ ಹುಡುಕುತ್ತಾರೆ. ಬಳ್ಳಾರಿ, ಸಂಡೂರು, ಕೊಪ್ಪಳದ ಕಡೆ ಮದುವೆ, ಜಾತ್ರೆಗಳಲ್ಲಿ ದುಡಿದ ಲೆನ್ಸಾದರೆ ತಿರುಗಿಸಿ ಹಿಂಭಾಗವನ್ನೂ ಅಷ್ಟೇ ಹೊತ್ತು ನೋಡಿ. ಲೆನ್ಸ್ ಕ್ಯಾಮೆರಾ ಬಾಡಿಗೆ ಕೂಡುವ ಬಳೆಯೇ ಮೌಂಟ್; ಅದರ ಒಳಗೆ ಸಾಲಾಗಿ ಕೂತ ಚಿನ್ನದ ಚುಕ್ಕಿಗಳೇ ಕಾಂಟ್ಯಾಕ್ಟ್. ಇವುಗಳಿಂದಲೇ ಲೆನ್ಸಿಗೆ ಕರೆಂಟೂ ಹೋಗುತ್ತದೆ, ಮಾತೂ ಹೋಗುತ್ತದೆ. 1987ರಲ್ಲಿ ಬಂದ ಕ್ಯಾನನ್ ಇಎಫ್ ಮೌಂಟಿನಲ್ಲಿ ಅಪರ್ಚರ್ (ಬೆಳಕು ಒಳಬಿಡುವ ತೆರಪು) ಎಳೆಯುವ ಲಿವರೇ ಇಲ್ಲ, ಎಲ್ಲವೂ ಈ ಚುಕ್ಕಿಗಳ ಮೇಲೆ ನಿಂತಿದೆ. ಅಪರ್ಚರ್ ಉಂಗುರವಿಲ್ಲದ ನಿಕಾನಿನ ಜಿ ಲೆನ್ಸುಗಳಲ್ಲಿ ಲಿವರ್ ಇದೆ; ಆದರೂ ಕಾಂಟ್ಯಾಕ್ಟ್ ಕೂಡದಿದ್ದರೆ ಎಷ್ಟೋ ಬಾಡಿಗಳು ಅಪರ್ಚರ್ ಅಂಕಿ ಬರಬೇಕಾದ ಕಡೆ ಎಫ್ ಪಕ್ಕದಲ್ಲಿ ಎರಡು ಅಡ್ಡಗೆರೆ ತೋರಿಸಿ ಸುಮ್ಮನಾಗುತ್ತವೆ. ಕ್ಯಾನನ್ ಆದರೆ ಎರರ್ 01, ಹಳೇ ಬಾಡಿಗಳಲ್ಲಿ ಎರರ್ 99.

ಇಲ್ಲಿ ಅವಸರ ಬೇಡ. ಅಂಗಿಯ ತುದಿಯಿಂದ ಉಜ್ಜಿ ಮತ್ತೆ ಹಾಕುವುದೇ ಮೊದಲ ತಪ್ಪು. ಸಂಡೂರಿನ ಕೆಂದೂಳಿನಲ್ಲಿ ಇರುವುದು ಹೆಮಟೈಟ್ ಅನ್ನುವ ಕಬ್ಬಿಣದ ಅದಿರು, ಮೋಹ್ಸ್ ಅಳತೆಯಲ್ಲಿ ಅದರ ಗಡಸುತನ 5.5ರಿಂದ 6.5. ಚಿನ್ನದ್ದು 2.5ರ ಆಸುಪಾಸು. ಕಾಂಟ್ಯಾಕ್ಟಿಗೆ ಹಾಕುವ ಚಿನ್ನ ಸ್ವಲ್ಪ ಗಟ್ಟಿ ಮಾಡಿದ್ದೇ, ಆದರೆ ಕೂದಲೆಳೆಗಿಂತ ಎಷ್ಟೋ ತೆಳು. ಧೂಳು ಕೂತಿರುವಾಗಲೇ ಒಣ ಬಟ್ಟೆ ಆಡಿಸಿದರೆ ಅದು ಉಪ್ಪುಕಾಗದ ಉಜ್ಜಿದ ಹಾಗೆ. ರಾಯಚೂರಿನ ಶಕ್ತಿನಗರದ ಕಡೆಯ ಹಾರುಬೂದಿಗೂ ಇದೇ ಮಾತು. ಅದರಲ್ಲಿ ಹೆಚ್ಚಿನದು ಸಿಲಿಕಾ, ಅಲ್ಯುಮಿನಾ ಸೇರಿದ ಗಾಜಿನಂಥ ಕಣ.

ಮೊದಲು ನೋಡುವ ಕೆಲಸ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ 10 ಪಟ್ಟಿನ ಭೂತಗನ್ನಡಿ ಸಾಕು. ಚುಕ್ಕಿಯ ನಡುವೆ ಹೊಳೆಯುವ ಸಣ್ಣ ಗೆರೆ ಇದ್ದರೆ ಹೆದರಬೇಡಿ, ಬಾಡಿಯ ಪಿನ್ ಓಡಾಡಿದ ಜಾಡು ಅದು. ಆ ಗೆರೆಯೊಳಗೆ ಬೂದುಬಿಳಿ ಕಂಡರೆ ಚಿನ್ನ ಸವೆದು ಕೆಳಗಿನ ನಿಕಲ್ ಬಂದಿದೆ. ಹಸಿರು ಕಂಡರೆ ಬೆವರೋ ನೀರೋ ತಾಮ್ರದವರೆಗೆ ಇಳಿದಿದೆ. ಒರೆಸಿದರೆ ಕೆಲವು ದಿನ ನಡೆದೀತು, ಮತ್ತೆ ಬರುತ್ತದೆ, ಬೆಲೆ ಇಳಿಸಿ ಮಾತಾಡಿ. ಒಂದು ಚುಕ್ಕಿ ಮಾತ್ರ ಪ್ಲಾಸ್ಟಿಕ್ಕಿನೊಳಗೆ ಕುಸಿದಿದ್ದರೆ ಲೆನ್ಸ್ ಬಿದ್ದಿರಬಹುದು, ಅಥವಾ ಯಾರೋ ಬಿಚ್ಚಿ ಬೆಸುಗೆ ಹಾಕಿರಬಹುದು. ಅಂಥದ್ದನ್ನು ಬಿಟ್ಟುಬಿಡಿ.

ಇನ್ನು ಒರೆಸುವುದು. ಕ್ಯಾಮೆರಾ ಆಫ್, ಬ್ಯಾಟರಿ ಹೊರಗೆ. ಲೆನ್ಸಿನ ಮೌಂಟ್ ಕೆಳಮುಖ ಮಾಡಿ ರಬ್ಬರ್ ಬ್ಲೋಯರಿನಿಂದ ಏಳೆಂಟು ಸಲ ಊದಿ, ಬಾಯಿಂದ ಬೇಡ, ಎಂಜಲಿನ ತೇವ ಕೂರುತ್ತದೆ. ಆಮೇಲೆ ಮೆತ್ತನೆ ಬ್ರಷ್. ಆಮೇಲೆಯೇ ದ್ರಾವಣ: 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಹ್ಯಾಂಡ್ ಸ್ಯಾನಿಟೈಸರ್ ಬೇಡವೇ ಬೇಡ, ಅದರ ಗ್ಲಿಸರಿನ್ ಪೊರೆಯಾಗಿ ಉಳಿಯುತ್ತದೆ. ಥಿನ್ನರ್, ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಬಿದಿರು ಕಡ್ಡಿಗೆ ಮೈಕ್ರೋಫೈಬರ್ ಬಟ್ಟೆಯ ಒಂದೇ ಪದರ ಬಿಗಿಯಾಗಿ ಸುತ್ತಿ, ಎರಡು ಹನಿ ಬಟ್ಟೆಗೆ ಹಾಕಿ, ಲೆನ್ಸಿಗೆ ಅಲ್ಲ. ಒಂದು ಚುಕ್ಕಿಗೆ ಒಂದೇ ಕಡೆಗೆ ಒಂದು ಎಳೆತ, ಮುಂದಿನದಕ್ಕೆ ಬಟ್ಟೆಯ ಹೊಸ ಜಾಗ. ಹತ್ತಿ ಕಡ್ಡಿಯ ನಾರು ಮೌಂಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಬೇಸಿಗೆಗೆ ಅರ್ಧ ನಿಮಿಷದಲ್ಲಿ ಆರುತ್ತದೆ, ಆದರೂ ಐದು ನಿಮಿಷ ಬಿಟ್ಟೇ ಹಾಕಿ. ಬೆಂಕಿ ಹತ್ತಿರ ಈ ಕೆಲಸ ಬೇಡ.

ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಅನ್ನುವವರು ಬಹಳ. ಹೊಳಪು ಬರುವುದು ನಿಜ, ಚಿನ್ನ ಹೋಗುವುದೂ ನಿಜ, ಪುಡಿ ಒಳಗೆ ಬೀಳುತ್ತದೆ.

ಬಾಡಿಯ ಕಡೆಯ ಪಿನ್ನುಗಳ ಹಿಂದೆ ಸ್ಪ್ರಿಂಗ್ ಇದೆ. ಒಂದೊಂದನ್ನೇ ಬಿದಿರು ಕಡ್ಡಿಯ ತುದಿಯಿಂದ ನಯವಾಗಿ ಒತ್ತಿ ಬಿಡಿ. ಪ್ರತಿಯೊಂದೂ ಮೊದಲಿದ್ದ ಎತ್ತರಕ್ಕೆ ಎದ್ದು ಬರಬೇಕು. ಒಂದು ಸಿಕ್ಕಿ ನಿಂತಿದ್ದರೆ ಎಷ್ಟೇ ಲೆನ್ಸ್ ಒರೆಸಿದರೂ ಎರರ್ ಹೋಗದು. ಅದಕ್ಕೇ ಬೇರೆ ಲೆನ್ಸ್ ಹಾಕಿ ನೋಡದೆ ತೀರ್ಪು ಕೊಡಬೇಡಿ.

ಸ್ವಚ್ಛ ಮಾಡಿದ ಮೇಲಿನ ಪರೀಕ್ಷೆಯೇ ನಿಜವಾದ ವಿಷಯ ಹೇಳುವುದು. ಎಫ್ 4ರಂಥ ಪೂರ್ತಿ ತೆರೆದ ಅಪರ್ಚರಿನಲ್ಲಿ ಹತ್ತು ಫೋಟೋ, ಆಮೇಲೆ ತೆರಪು ಕಿರಿದಾಗುವ ಎಫ್ 11ರಲ್ಲಿ ಹತ್ತು, ಜೂಮಿನ ಎರಡೂ ತುದಿಯಲ್ಲಿ. ತೆರೆದಾಗ ಸರಿ, ಕಿರಿದಾದಾಗ ಎರರ್ ಅಂದರೆ ಅನುಮಾನ ಅಪರ್ಚರ್ ಘಟಕದ ಅಥವಾ ಅದರ ಫ್ಲೆಕ್ಸ್ ಕೇಬಲಿನ (ಮಡಚುವ ತೆಳು ಪಟ್ಟಿ ಕೇಬಲ್) ಮೇಲೆ. ಕ್ಯಾನನ್ 24-105 ಎಫ್ 4 ಎಲ್ ಲೆನ್ಸಿನ ಮೊದಲ ಆವೃತ್ತಿಯಲ್ಲಿ ಇದು ಹೆಸರುವಾಸಿ ಕಾಯಿಲೆ. ಜೂಮ್ ಒಂದು ಜಾಗಕ್ಕೆ ಬಂದಾಗ ಮಾತ್ರ ಎರರ್ ಬಂದರೆ ಮಡಚಿ ಮಡಚಿ ಕೇಬಲ್ ಸೀಳಿರಬಹುದು. ಲೆನ್ಸ್ ಹಿಡಿದು ಅಲ್ಲಾಡಿಸಿದಾಗ ಬಂದು ಹೋಗುತ್ತದೆಯೇ? ಮೌಂಟಿನ ಸ್ಕ್ರೂ ಸಡಿಲವಿರಬಹುದು; ಜಪಾನಿನ ಲೆನ್ಸುಗಳಿಗೆ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ತಲೆಯ ಸ್ಕ್ರೂಡ್ರೈವರೇ ಬೇಕು, ಸಾಮಾನ್ಯ ಸ್ಟಾರ್ ಹಾಕಿದರೆ ಸ್ಕ್ರೂ ತಲೆ ಸವೆಯುತ್ತದೆ. ಬಿಚ್ಚಿ ಹಾಕಿದಾಗಲೆಲ್ಲ ಫಲಿತಾಂಶ ಬದಲಾಗುತ್ತಿದ್ದರೆ ಮಾತ್ರ ಕಾಂಟ್ಯಾಕ್ಟಿನ ಕೊಳೆ ಅಂತ ನಂಬಿ ಇನ್ನೊಮ್ಮೆ ಒರೆಸಿ. ಎರಡು ಸಲಕ್ಕೂ ಬಗ್ಗದಿದ್ದರೆ ಮೂರನೇ ಸಲ ಉಜ್ಜುವುದು ಚಿನ್ನಕ್ಕೆ ಮಾಡುವ ಅನ್ಯಾಯ.

ಹಿಂಬದಿಯ ಕ್ಯಾಪನ್ನು ಬಹಳ ಜನ ಮರೆಯುತ್ತಾರೆ. ವರ್ಷಗಟ್ಟಲೆ ಬ್ಯಾಗಿನ ತಳದಲ್ಲಿದ್ದ ಕ್ಯಾಪಿನ ಒಳಸುತ್ತಿನಲ್ಲಿ ಕೆಂಪು ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಸೋಪುನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಲೆನ್ಸಿಗೆ ಹಾಕಿ.